‘ಇಲ್ಲ’ ಅನ್ನಿಸಿಕೊಳ್ಳೋದು ನಮಗೆ ಯಾಕಿಷ್ಟು ಕಷ್ಟ?

ಹೋದ ತಿಂಗಳು ಒಂದು ಸಂಜೆ ಡೈರಿ ಮುಂದಿನ ಕಟ್ಟೆ ಮೇಲೆ ಕೂತಿದ್ದೆವು. ನಮ್ಮ ಗೆಳೆಯನೊಬ್ಬ ಮೊಬೈಲ್ ಚಾಚಿ, "ಇದನ್ನ ಸ್ವಲ್ಪ ನೋಡ್ರಪ್ಪ, ನೀವು ಬರೆಯೋರಲ್ವಾ, ಸರಿ ಮಾಡ್ಕೊಡಿ" ಅಂದ. ಯಾವುದೋ ಅರ್ಜಿ ಇರಬೇಕು ಅಂದುಕೊಂಡೆವು. ನಮ್ಮ ಹತ್ತಿರ ಬರುವವರು ಹೆಚ್ಚಾಗಿ ಪಹಣಿ ತಿದ್ದುಪಡಿಗೋ ಬೆಳೆ ಪರಿಹಾರಕ್ಕೋ ಅರ್ಜಿ ಬರೆಸಿಕೊಳ್ಳುವವರೇ. ಪತ್ರಿಕೋದ್ಯಮ ಓದಿದ್ದಕ್ಕೆ ಊರಲ್ಲಿ ಸಿಕ್ಕ ಕೆಲಸ ಇದೊಂದೇ ಅಂತ ಮನೆಯಲ್ಲಿ ಆಡಿಕೊಳ್ಳುವುದೂ ಉಂಟು. ಆದರೆ ಅದು ಅರ್ಜಿ ಆಗಿರಲಿಲ್ಲ.

ವಾಟ್ಸಾಪ್‌ನಲ್ಲಿ ತನ್ನ ನಂಬರಿಗೆ ತಾನೇ ಕಳಿಸಿಟ್ಟುಕೊಂಡಿದ್ದ ಒಂದು ಮೆಸೇಜು. ಬೆರಳಿಟ್ಟು ಮೂರು ಸಲ ಮೇಲೆ ತಳ್ಳಿದರೂ ಮುಗಿಯದಷ್ಟು ಉದ್ದ. ಮೂರು ತಿಂಗಳಿಂದ ಬರೆಯುತ್ತಿದ್ದಾನಂತೆ. ಬರೆಯುವುದು, ಅಳಿಸುವುದು, ರಾತ್ರಿ ಮತ್ತೆ ಬರೆಯುವುದು. ಮೊದಲ ಸಾಲಲ್ಲಿ ಕ್ಷಮೆ ಕೇಳಿದ್ದ. ಕೊನೆಯ ಸಾಲಲ್ಲೂ ಕ್ಷಮೆ ಕೇಳಿದ್ದ. ನಡುವೆ ಸಿನಿಮಾ ಡೈಲಾಗಿನಂಥ ಮಾತುಗಳು.

ಅವನಿಗೆ 27 ವರ್ಷ. ಡಿಗ್ರಿ ಮುಗಿಸಿ ಹೋಬಳಿ ಊರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಮನೆಯಲ್ಲಿ ಎರಡು ಹಸು ಇವೆ. ಆ ಹುಡುಗಿ ಅದೇ ಊರಿಗೆ ಕೆಲಸಕ್ಕೆ ಬರುತ್ತಾಳೆ, ಬೆಳಿಗ್ಗೆ ಇಬ್ಬರದೂ ಒಂದೇ ಬಸ್ಸು. (ಗುರುತು ಸಿಗಬಾರದು ಅಂತ ಊರು, ಅಂಗಡಿ ಎಲ್ಲ ಬದಲಿಸಿದ್ದೇವೆ. ಬರೆಯುವುದಕ್ಕೆ ಅವನ ಒಪ್ಪಿಗೆಯೂ ಇದೆ.)

"ಮಾತಾಡ್ಸಿದ್ದೀಯಾ?" ಅಂದೆವು.

"ಬಸ್ಸಲ್ಲಿ ದಿನಾ ಮಾತಾಡ್ತೀವಿ. ಅವಳ ತಮ್ಮನ ಸ್ಕಾಲರ್‌ಶಿಪ್ ಅರ್ಜೀನೂ ನಾನೇ ತುಂಬಿಕೊಟ್ಟೆ."

"ಮತ್ತೆ ಬಾಯ್ಬಿಟ್ಟು ಕೇಳೋಕೆ ಏನೋ?"

ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ ಅಂದಿದ್ದು ಎರಡೇ ಮಾತು: "ಇಲ್ಲ ಅಂದ್ಬಿಟ್ರೆ?"

ನಾವು ನಕ್ಕೆವು. ಅಲ್ಲಿ ಕೂತಿದ್ದ ಎಲ್ಲರೂ ನಕ್ಕರು. ನಗಬಾರದಿತ್ತು ಅಂತ ಈಗ ಅನ್ನಿಸುತ್ತಿದೆ. ಯಾಕೆಂದರೆ ಅವನು ಹೆದರಿದ್ದು ಏನಕ್ಕೋ ಅದನ್ನೇ ನಾವು ಅವನ ಕಣ್ಣೆದುರಿಗೆ ಮಾಡಿ ತೋರಿಸಿದ್ದೆವು.

ಹುಡುಗಿಯನ್ನು ಕೇಳುವಾಗ ಗಂಟಲು ಒಣಗುವುದು, ಅಂಗೈ ಬೆವರುವುದು, ಮನೆಯಲ್ಲಿ ನೂರು ಸಲ ಹೇಳಿಕೊಂಡ ಮಾತು ಎದುರಿಗೆ ನಿಂತಾಗ ಮರೆತೇಹೋಗುವುದು ಎಲ್ಲಾ ಕಡೆ ಇರುವುದೇ. ಬೆಂಗಳೂರಿನ ಹುಡುಗನಿಗೂ ಇದೆ. ಆದರೆ ಬೆಂಗಳೂರಿನಲ್ಲಿ ಒಬ್ಬಳು ಬೇಡ ಅಂದರೆ ಆ ಮಾತು ಇಬ್ಬರ ನಡುವೆ ಉಳಿಯುವ ಸಾಧ್ಯತೆ ಇದೆ. ನಾಳೆಯಿಂದ ಅವನು ಬೇರೆ ದಾರಿಯಲ್ಲಿ ಹೋಗಬಹುದು, ಅವಳ ಮುಖ ಮತ್ತೆ ನೋಡದೇ ಇರಬಹುದು. ನಮ್ಮಲ್ಲಿ ಇರುವುದು ಒಂದೇ ಬಸ್ಸು. ಬೆಳಿಗ್ಗೆ ಬೇಡ ಅನ್ನಿಸಿಕೊಂಡರೆ ಸಂಜೆ ಹಾಲು ಹಾಕುವ ಹೊತ್ತಿಗೆ ಡೈರಿಗೆ ಗೊತ್ತಾಗಿರುತ್ತದೆ, ಕಟಿಂಗ್ ಶಾಪಿಗೆ ಗೊತ್ತಾಗಿರುತ್ತದೆ. ಅಡ್ಡಹೆಸರು ಹುಟ್ಟಿಕೊಂಡಿರುತ್ತದೆ. ನಮ್ಮೂರಲ್ಲಿ ಒಬ್ಬರನ್ನು ಇವತ್ತಿಗೂ ‘ದೇವದಾಸ’ ಅಂತಲೇ ಕರೆಯುತ್ತಾರೆ. ಅವರಿಗೆ ಮದುವೆಯಾಗಿ ಮಗಳು ಹೈಸ್ಕೂಲಿಗೆ ಹೋಗುತ್ತಿದ್ದಾಳೆ.

ಹಾಗಾಗಿ ನಮ್ಮ ಗೆಳೆಯ ಆ ಹುಡುಗಿಗೆ ಹೆದರಿದ್ದಾನೆ ಅನ್ನುವುದು ಪೂರ್ತಿ ನಿಜ ಅಲ್ಲ. ಅವನು ಹೆದರಿರುವುದು ನಮಗೆ. ಕಟ್ಟೆಗೆ.

ಇದನ್ನು ಬರೆಯುವ ಮೊದಲು ನಮ್ಮದೇ ಒಂದು ತಪ್ಪು ಹೇಳಿಬಿಡಬೇಕು. ಪಿಯುಸಿ ಓದುವಾಗ ನಮ್ಮಲ್ಲೊಬ್ಬ ಕ್ಲಾಸಿಗೇ ಕೈಬರಹಕ್ಕೆ ಹೆಸರುವಾಸಿ. ಹಾಸ್ಟೆಲಿನ ಗೆಳೆಯನೊಬ್ಬನಿಗೆ ಒಂದು ಹುಡುಗಿಯ ಮೇಲೆ ಮನಸ್ಸಾಗಿತ್ತು. ಎದುರಿಗೆ ಹೋಗಿ ಹೇಳಲು ಧೈರ್ಯ ಇಲ್ಲ. ಅವನ ಪರವಾಗಿ ಇವನು ಎರಡು ಪುಟದ ಕಾಗದ ಬರೆದುಕೊಟ್ಟ. ನಾವೆಲ್ಲ ಸುತ್ತ ಕೂತು ಒಂದೊಂದು ಸಾಲು ಸೇರಿಸಿದೆವು. ಕೊಡುವುದಕ್ಕೂ ಧೈರ್ಯ ಇಲ್ಲದೆ, ಆ ಹುಡುಗಿಯ ಬೀದಿಯ ಒಬ್ಬ ಚಿಕ್ಕ ಹುಡುಗನ ಕೈಲಿ ಚಾಕೊಲೇಟ್ ಜೊತೆಗೆ ಕಳಿಸಿದೆವು. ಕಾಗದ ಅವಳ ಅಣ್ಣನ ಕೈಗೆ ಸಿಕ್ಕಿತು.

ಹಾಸ್ಟೆಲ್ ಹುಡುಗನಿಗೆ ಎರಡು ಏಟು ಬಿತ್ತು, ಒಂದು ವಾರ ಊರಿಗೆ ಹೋಗಿ ಬಂದ, ಪರೀಕ್ಷೆ ಬರೆದ, ಪಾಸಾದ. ಆ ಹುಡುಗಿ ಮಾರನೇ ದಿನದಿಂದ ಕಾಲೇಜಿಗೆ ಬರಲಿಲ್ಲ. ಪರೀಕ್ಷೆಗೂ ಬರಲಿಲ್ಲ. ಆ ವರ್ಷವೇ ಅವಳ ಮದುವೆ ಮಾಡಿದರು ಅಂತ ಆಮೇಲೆ ಕೇಳಿದೆವು. ಅವಳು ಆ ಕಾಗದ ಓದಿರಲೇ ಇಲ್ಲ. ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ. ಯಾರು ಬರೆದಿದ್ದು ಅನ್ನುವುದೂ ಅವಳಿಗೆ ಗೊತ್ತಿತ್ತೋ ಇಲ್ಲವೋ. ನಾಚಿಕೆ ನಮ್ಮದು, ದಂಡ ಅವಳದು.

ಇದನ್ನು ನಾವು ಇಷ್ಟು ವರ್ಷ ಎಲ್ಲೂ ಹೇಳಿಕೊಂಡಿರಲಿಲ್ಲ.

ಈ ಕೇಳುವ, ಹೇಳುವ ಕೆಲಸ ನಮ್ಮ ಹಿರಿಯರಿಗೆ ಬರುತ್ತಿರಲಿಲ್ಲ ಅಂತಲ್ಲ. ಒಂದು ರೀತಿಯಲ್ಲಿ ನಮಗಿಂತ ಚೆನ್ನಾಗಿ ಬರುತ್ತಿತ್ತು. ಹೆಣ್ಣು ಕೇಳಲು ಹೋಗುವುದನ್ನು ನೋಡಿ. ಮೊದಲು ನಡುವಿನವರೊಬ್ಬರು ಹೋಗಿ ಮಾತು ತೆಗೆಯುತ್ತಾರೆ. ಬೇಡ ಅನ್ನಬೇಕಾದರೆ ಯಾರೂ ಮುಖಕ್ಕೆ ಹೊಡೆದಂತೆ ಬೇಡ ಅನ್ನುವುದಿಲ್ಲ. "ಜಾತಕ ಕೂಡ್ಲಿಲ್ಲ" ಅನ್ನುತ್ತಾರೆ. "ದೇವರು ಹೂ ಕೊಡ್ಲಿಲ್ಲ" ಅನ್ನುತ್ತಾರೆ. "ಈ ವರ್ಷ ಮಾಡೋ ಹಂಗಿಲ್ಲ, ಕೈ ಬಿಗಿ ಇದೆ" ಅನ್ನುತ್ತಾರೆ. ಗಂಡಿನ ಕಡೆಯವರು ಉಪ್ಪಿಟ್ಟು ಕೇಸರಿಬಾತು ತಿಂದು "ಊರಿಗೆ ಹೋಗಿ ತಿಳಿಸ್ತೀವಿ" ಅಂತ ಎದ್ದರೆ ಮುಗಿಯಿತು, ಅದರ ಅರ್ಥ ಎಲ್ಲರಿಗೂ ಗೊತ್ತು. ಕೇಳಿದವರು "ಋಣಾನುಬಂಧ ಇಲ್ಲ ಬಿಡಿ" ಅಂದು ಇನ್ನೊಂದು ಮನೆ ನೋಡುತ್ತಾರೆ. ಮುಂದೆ ಯಾವುದೋ ಮದುವೆಯಲ್ಲಿ ಎದುರಾದರೆ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ. ಬೇಡ ಅಂದ ಮನೆ ಮುಂದೆ ಬೈಕ್ ನಿಲ್ಲಿಸಿಕೊಂಡು ಹಾರ್ನ್ ಹೊಡೆಯುವುದಿಲ್ಲ. (ಜಾತಕ ಕೂಡಲಿಲ್ಲ ಅಂದಿದ್ದಕ್ಕೆ ಬೇರೆ ಜಾತಕ ಬರೆಸಿಕೊಂಡು ವಾಪಸ್ ಬಂದವರೂ ಇದ್ದಾರೆ ಅನ್ನಿ. ಅಂಥವರನ್ನು ಊರು ನೋಡಿ ನಗುತ್ತಿತ್ತು.)

ಈ ಪದ್ಧತಿ ದೊಡ್ಡದು, ಅದಕ್ಕೇ ವಾಪಸ್ ಹೋಗೋಣ ಅಂತ ನಾವು ಹೇಳುತ್ತಿಲ್ಲ. ಅದರಲ್ಲಿ ಜಾತಿ ಇದೆ, ವರದಕ್ಷಿಣೆ ಇದೆ. ಹುಡುಗಿಯನ್ನು ಕೊನೆಗೆ ಕೇಳುವುದಿದೆ, ಎಷ್ಟೋ ಸಲ ಕೇಳದೇ ಇರುವುದೂ ಇದೆ. ಮಾತು ಬೇಡ ಅನ್ನುವ ಮನೆ, ಬೇಡ ಅನ್ನಿಸಿಕೊಳ್ಳುವ ಮನೆ ಎರಡರದೂ ಮುಖ ಉಳಿಸುವ ಒಂದು ದಾರಿ ಅಲ್ಲಿತ್ತು, ಅಷ್ಟನ್ನು ಹೇಳುತ್ತಿದ್ದೇವೆ. ಈಗಿನ ಹುಡುಗ ಒಬ್ಬನೇ, ನಡುವಿನವರಿಲ್ಲದೆ, ಮೊಬೈಲ್ ಹಿಡಿದು ಕೇಳಲು ಹೊರಟಿದ್ದಾನೆ. ಕೇಳುವುದನ್ನು ಸಿನಿಮಾದಿಂದಲೋ ರೀಲ್ಸಿನಿಂದಲೋ ಕಲಿತಿದ್ದಾನೆ. ಇಲ್ಲ ಅಂದರೆ ಏನು ಮಾಡಬೇಕು ಅನ್ನುವುದನ್ನು ಅವನಿಗೆ ಯಾರೂ ಕಲಿಸಿಲ್ಲ.

ಇನ್ನೊಂದು ಮಾತು. ಬೇಡ ಅನ್ನಿಸಿಕೊಳ್ಳುವ ಭಯ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರುವುದು ಹುಡುಗ. ಆದರೆ ಊರಲ್ಲಿ ಅತಿ ಹೆಚ್ಚು ಸಲ ಬೇಡ ಅನ್ನಿಸಿಕೊಂಡಿರುವುದು ಯಾರು ಅಂತ ನಿಮ್ಮ ಅಕ್ಕನನ್ನೋ ಅತ್ತೆಯನ್ನೋ ಕೇಳಿ ನೋಡಿ. ತಟ್ಟೆ ಹಿಡಿದುಕೊಂಡು, ತಲೆ ತಗ್ಗಿಸಿಕೊಂಡು, ಗುರುತಿಲ್ಲದ ಏಳೆಂಟು ಜನರ ಮುಂದೆ ಬಂದು ನಿಂತು, ಬಣ್ಣ ಸಾಲದು, ಎತ್ತರ ಸಾಲದು, ಹಲ್ಲು ಮುಂದಿದೆ ಅನ್ನಿಸಿಕೊಂಡವರು ಅವರು. ನಮ್ಮಲ್ಲೊಬ್ಬರ ಅಕ್ಕನನ್ನು ಒಂಬತ್ತು ಕಡೆಯವರು ನೋಡಿ ಹೋಗಿದ್ದರು. ಪ್ರತಿ ಸಲವೂ ಅದೇ ಸೀರೆ. ಆರನೆಯವರು ಬಂದು ಹೋದ ಮೇಲೆ ಆ ಸೀರೆ ಉಡುವುದಿಲ್ಲ ಅಂತ ಹಟ ಹಿಡಿದು ಅಮ್ಮನ ಕೈಲಿ ಬೈಸಿಕೊಂಡರಂತೆ. ಅವರು ಯಾರ ಮನೆ ಮುಂದೆಯೂ ಹೋಗಿ ಗಲಾಟೆ ಮಾಡಲಿಲ್ಲ. ಮಾರನೇ ದಿನ ಎದ್ದು ಕಸ ಗುಡಿಸಿದರು, ಕೊಟ್ಟಿಗೆಗೆ ಹೋದರು, ಟೈಲರಿಂಗ್ ಕ್ಲಾಸಿಗೆ ಹೋದರು. ಬೇಡ ಅನ್ನಿಸಿಕೊಂಡು ಬದುಕುವುದು ಹೇಗೆ ಅಂತ ಕಲಿಯಬೇಕಾದರೆ ಗುರುಗಳು ಮನೆಯಲ್ಲೇ ಇದ್ದಾರೆ. ನಾವು ಕೇಳಿಲ್ಲ ಅಷ್ಟೆ.

ಈಗ ಕಾಲ ತಿರುಗಿದೆ. ಊರಲ್ಲೇ ಉಳಿದು ವ್ಯವಸಾಯ ಮಾಡುವ ಹುಡುಗನಿಗೆ ಹೆಣ್ಣು ಸಿಗುತ್ತಿಲ್ಲ. 2023ರ ಫೆಬ್ರವರಿಯಲ್ಲಿ ಮಂಡ್ಯ ಜಿಲ್ಲೆಯ ಮದುವೆಯಾಗದ ಹುಡುಗರು ಹೆಣ್ಣು ಸಿಗಲಪ್ಪ ಅಂತ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋಗಿದ್ದು ನಿಮಗೆ ನೆನಪಿರಬಹುದು. ಟಿವಿಯವರು ಅದನ್ನು ತಮಾಷೆ ಮಾಡಿ ತೋರಿಸಿದರು. ನಮಗೆ ನಗು ಬರಲಿಲ್ಲ. ಮೂರು ಎಕರೆ ಇದೆ, ಬೋರ್‌ವೆಲ್ ಇದೆ, ಕೆಟ್ಟ ಚಟ ಇಲ್ಲ, ಆದರೂ "ಬೆಂಗ್ಳೂರಲ್ಲಿ ಕೆಲ್ಸ ಇದ್ರೆ ಹೇಳಿ" ಅಂತ ಹತ್ತು ಮನೆಯವರು ಹೇಳಿ ಕಳಿಸಿದರೆ ಮನುಷ್ಯ ಕುಗ್ಗುತ್ತಾನೆ. 2011ರ ಜನಗಣತಿಯಲ್ಲಿ ನಮ್ಮ ರಾಜ್ಯದಲ್ಲಿ ಆರು ವರ್ಷದೊಳಗಿನ 1000 ಗಂಡುಮಕ್ಕಳಿಗೆ ಹೆಣ್ಣುಮಕ್ಕಳು ಇದ್ದದ್ದು 948. ಹೊಟ್ಟೆಯಲ್ಲೇ ಬೇಡ ಅನ್ನಿಸಿಕೊಂಡ ಹೆಣ್ಣುಮಕ್ಕಳ ಲೆಕ್ಕ ಒಂದು ದಿನ ಹುಡುಗರ ತಲೆ ಮೇಲೆ ಬಂದು ಕೂರುತ್ತದೆ. ಅದು ಇನ್ನೊಂದು ದೊಡ್ಡ ಕಥೆ.

ನಮ್ಮ ಗೆಳೆಯನ ಮನೆಯವರೂ ಮೂರು ಕಡೆ ಕೇಳಿ ವಾಪಸ್ ಬಂದಿದ್ದಾರೆ. ಒಂದು ಕಡೆ ಕೂತ ಚಾಪೆ ಬಿಸಿಯಾಗುವ ಮೊದಲೇ ಎದ್ದು ಬಂದರಂತೆ. ಹೀಗೆ ಮೊದಲೇ ಏಟು ತಿಂದವನಿಗೆ ಬಸ್ಸಿನಲ್ಲಿ ನಗುತ್ತಾ ಮಾತಾಡುವ ಒಬ್ಬ ಹುಡುಗಿಯನ್ನು ಕೇಳುವುದು ಎಷ್ಟು ಭಾರ ಅಂತ ಯೋಚನೆ ಮಾಡಿ. ಅವಳೂ ಬೇಡ ಅಂದರೆ ಅದು ಅವಳೊಬ್ಬಳ ಮಾತಾಗಿ ಕೇಳಿಸುವುದಿಲ್ಲ, ಇಡೀ ಲೋಕವೇ ಬೇಡ ಅಂದಂತೆ ಕೇಳಿಸುತ್ತದೆ. ಅವನ ಜಮೀನಿಗೆ, ಅವನ ಜೆರಾಕ್ಸ್ ಅಂಗಡಿಗೆ, ಅವನ ಅಪ್ಪನಿಗೆ ಯಾರ್ಯಾರೋ ಹೇಳಿದ ಬೇಡಗಳ ಮೂಟೆಯನ್ನು ಆ ಹುಡುಗಿಯ ಒಂದು ಮಾತಿನ ಮೇಲೆ ಇಳಿಸಿಬಿಡುತ್ತಾನೆ. ಅವಳಿಗೆ ಅದರ ಸುಳಿವೂ ಇರುವುದಿಲ್ಲ. ಅಪಾಯ ಶುರುವಾಗುವುದು ಇಲ್ಲೇ ಅಂತ ನಮ್ಮ ಅನಿಸಿಕೆ.

ಇಷ್ಟು ಬರೆದು ನಮ್ಮ ಗುಂಪಿನ ಹೆಣ್ಣುಮಕ್ಕಳಿಗೆ ಕಳಿಸಿದೆವು. ಒಬ್ಬಳು ವಾಯ್ಸ್ ಮೆಸೇಜ್ ಹಾಕಿದಳು. "ಪೂರ್ತಿ ಓದ್ದೆ ಕಣ್ರೋ. ಕೇಳೋನ ಭಯ ಚೆನ್ನಾಗೇ ಬರ್ದಿದ್ದೀರ. ಹೇಳೋಳ ಭಯ ಎಲ್ಲೋಯ್ತು? ನೀವು ಬೇಡ ಅನ್ನಿಸ್ಕೊಂಡ್ರೆ ಮನಸ್ಸಿಗೆ ನೋವಾಗುತ್ತೆ. ನಾವು ಬೇಡ ಅಂದ್ರೆ ಏನಾಗುತ್ತೋ ಗೊತ್ತೇ ಇರಲ್ಲ."

ಅವಳು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಹೀಗೆ. ಕಾಲೇಜಿಗೆ ಹೋಗುವ ದಾರಿಯಲ್ಲಿ ಒಬ್ಬ ಹುಡುಗ ಬಂದು ಕೇಳಿದರೆ ಹುಡುಗಿಯ ತಲೆಯಲ್ಲಿ ಒಂದೇ ನಿಮಿಷಕ್ಕೆ ಹತ್ತು ಲೆಕ್ಕ ಓಡುತ್ತದೆ. ಇವನು ಸಿಟ್ಟಾಗುತ್ತಾನಾ? ಇವನ ಜೊತೆಯವರು ಎಲ್ಲಿ ನಿಂತಿದ್ದಾರೆ? ನಾಳೆಯಿಂದ ಈ ದಾರಿಯಲ್ಲಿ ಹೋಗಬಹುದಾ? ಮನೆಯಲ್ಲಿ ಹೇಳಿದರೆ "ನೀನು ನಗದೇ ಇದ್ದಿದ್ರೆ ಅವನು ಯಾಕೆ ಬರ್ತಿದ್ದ" ಅನ್ನುತ್ತಾರಾ? ಕಾಲೇಜು ಬಿಡಿಸುತ್ತಾರಾ? 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಡಿಗ್ರಿಗೆ, ಕೆಲಸಕ್ಕೆ ಅಂತ ಊರು ದಾಟುವುದು ಹಲವು ಮನೆಗಳಲ್ಲಿ ಈಗ ಸುಲಭ ಆಗಿದೆ. ಆದರೆ ಆ ಬಸ್ಸು ಹತ್ತಲು ಮನೆಯವರ ಒಪ್ಪಿಗೆ ಬೇಕೇಬೇಕು. ಒಬ್ಬ ಹುಡುಗ ಹಿಂದೆ ಬಿದ್ದಿದ್ದಾನೆ ಅನ್ನುವ ಒಂದು ಸುದ್ದಿ ಸಾಕು ಆ ಒಪ್ಪಿಗೆ ಹೋಗಲು.

ಅದಕ್ಕೇ ಹುಡುಗಿಯರು ನೇರವಾಗಿ ಬೇಡ ಅನ್ನುವುದಿಲ್ಲ. "ಮನೇಲಿ ಒಪ್ಪಲ್ಲ" ಅನ್ನುತ್ತಾರೆ. "ಈಗ ಓದ್ಬೇಕು" ಅನ್ನುತ್ತಾರೆ. ಇದ್ದಕ್ಕಿದ್ದಂತೆ "ಅಣ್ಣಾ" ಅಂತ ಕರೆಯಲು ಶುರುಮಾಡುತ್ತಾರೆ. ರಾಖಿ ಹಬ್ಬದ ದಿನ ಕೆಲವು ಹುಡುಗರು ಕಾಲೇಜಿಗೇ ಬರದಿರುವುದು ಯಾಕೆ ಅಂತ ನಿಮಗೂ ಗೊತ್ತು. ಮೆಸೇಜಿಗೆ ಬ್ಲೂ ಟಿಕ್ ಬರುತ್ತದೆ, ಉತ್ತರ ಬರುವುದಿಲ್ಲ. ಇವೆಲ್ಲ ‘ಜಾತಕ ಕೂಡ್ಲಿಲ್ಲ’ ಅನ್ನುವ ಮಾತಿನ ಇವತ್ತಿನ ರೂಪಗಳೇ. ಹಿರಿಯರಿಗೆ ಅರ್ಥ ಆಗುತ್ತಿತ್ತು. ನಮ್ಮ ಹುಡುಗರಿಗೆ ಅರ್ಥ ಆಗುವುದಿಲ್ಲ, ಅಥವಾ ಅರ್ಥ ಆದರೂ ಬೇಡ. "ಮನೇಲಿ ಒಪ್ಪಲ್ಲ ಅಂದ್ಲು ಅಂದ್ರೆ ಅವಳಿಗೆ ಒಪ್ಪಿಗೆ ಇದೆ ಅಂತ ಕಣೋ" ಅಂತ ವ್ಯಾಖ್ಯಾನ ಮಾಡುವ ಪಂಡಿತರು ಪ್ರತಿ ಕಟ್ಟೆಯಲ್ಲೂ ಒಬ್ಬರಿದ್ದಾರೆ. ಸುಮ್ಮನಿದ್ದಾಳೆ, ಮೌನ ಅಂದರೆ ಸಮ್ಮತಿ ಅನ್ನುವವರೂ ಇದ್ದಾರೆ. ಹೆದರಿದವರೂ ಸುಮ್ಮನೇ ಇರುತ್ತಾರೆ ಅನ್ನುವುದು ಆ ಪಂಡಿತರಿಗೆ ಹೊಳೆಯುವುದಿಲ್ಲ.

ಈ ವ್ಯಾಖ್ಯಾನ ಎಲ್ಲಿಂದ ಬಂತು ಅಂತ ದೂರ ಹುಡುಕಬೇಕಾಗಿಲ್ಲ. ನಾವು ನೋಡಿ ಬೆಳೆದ ಎಷ್ಟೋ ಸಿನಿಮಾಗಳಲ್ಲಿ ನಾಯಕಿ ಮೊದಲ ಅರ್ಧ ಬೈಯುತ್ತಾಳೆ, ಎರಡನೇ ಅರ್ಧ ಹಾಡುತ್ತಾಳೆ. ಬೈದಷ್ಟೂ ಪ್ರೀತಿ ಜಾಸ್ತಿ ಅಂತ ಲೆಕ್ಕ. ನಾವೂ ಶಿಳ್ಳೆ ಹೊಡೆದವರೇ. 2006ರಲ್ಲಿ ಬಂದ ‘ಮುಂಗಾರು ಮಳೆ’ಯ ನಾಯಕನೂ ಹುಡುಗಿಯ ಹಿಂದೆ ಸುತ್ತುವವನೇ, ಆದರೆ ಕೊನೆಗೆ ಅವಳನ್ನು ಬಿಟ್ಟುಕೊಟ್ಟು ಹೊರಟುಹೋಗುತ್ತಾನೆ. ಆ ಸಿನಿಮಾ ನೋಡಿ ಬಂದ ಹುಡುಗರು ಮಳೆಯಲ್ಲಿ ನೆನೆಯುವುದನ್ನು ಕಲಿತರು, ಮೊಲ ಸಾಕುವುದನ್ನೂ ಕಲಿತರು. ಹೊರಟುಹೋಗುವುದನ್ನು ಕಲಿತವರು ಕಡಿಮೆ.

ಕಾನೂನು ಏನು ಹೇಳುತ್ತದೆ ಅನ್ನುವುದನ್ನೂ ಹೇಳಿಬಿಡುತ್ತೇವೆ, ಏಕೆಂದರೆ ಕಟ್ಟೆಯಲ್ಲಿ ಯಾರೂ ಹೇಳುವುದಿಲ್ಲ. ಹುಡುಗಿ ತನಗೆ ಇಷ್ಟ ಇಲ್ಲ ಅಂತ ತೋರಿಸಿದ ಮೇಲೂ ಪದೇ ಪದೇ ಹಿಂದೆ ಹೋಗುವುದು, ಮಾತಾಡಿಸಲು ನೋಡುವುದು 2013ರಿಂದ ಅಪರಾಧ. ಫೋನು, ಇಂಟರ್ನೆಟ್ಟಿನಲ್ಲಿ ಅವಳು ಏನು ಮಾಡುತ್ತಾಳೆ ಅಂತ ಕಣ್ಣಿಡುವುದೂ ಅದರಲ್ಲೇ ಬರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 78ನೇ ಸೆಕ್ಷನ್. ಮೊದಲ ಸಲಕ್ಕೆ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಜೈಲು. ಹುಡುಗಿಗೆ 18 ತುಂಬಿಲ್ಲದಿದ್ದರೆ ಪೋಕ್ಸೊ ಕಾಯ್ದೆ ಬರುತ್ತದೆ. ಆಗ "ಅವಳೇ ಒಪ್ಪಿದ್ಲು" ಅನ್ನುವ ಮಾತಿಗೆ ಬೆಲೆ ಇಲ್ಲ. ಹೈಸ್ಕೂಲು, ಪಿಯುಸಿ ಹುಡುಗಿಯರ ಹಿಂದೆ ಬೈಕಿನಲ್ಲಿ ಸುತ್ತುವ ದೊಡ್ಡವರು ಇದನ್ನು ಎರಡು ಸಲ ಓದಿಕೊಳ್ಳಲಿ. ತೊಂದರೆಯಲ್ಲಿರುವ ಹುಡುಗಿಯರಿಗೆ 112 ಇದೆ, ಮಹಿಳಾ ಸಹಾಯವಾಣಿ 181 ಇದೆ, ಮಕ್ಕಳಿಗೆ 1098 ಇದೆ.

ಜಾತಿಯ ಮಾತು ಎತ್ತದೆ ಈ ವಿಷಯ ಬರೆದರೆ ಅದು ಸುಳ್ಳು ಬರಹ ಆಗುತ್ತದೆ. ನಮ್ಮ ಊರುಗಳಲ್ಲಿ ಎಲ್ಲ ಹುಡುಗರ ಭಯವೂ ಒಂದೇ ಅಲ್ಲ. ಒಬ್ಬನಿಗೆ ಬೇಡ ಅಂದರೆ ಅವಮಾನ ಅನ್ನುವ ಭಯ. ಊರಾಚೆ ಕೇರಿಯ ಹುಡುಗನಿಗೆ ಅವಳು ಹೂಂ ಅಂದರೆ ಏನು ಗತಿ ಅನ್ನುವ ಭಯ. ತನಗೆ ಬೀಳುವ ಏಟಿಗಿಂತ ಅಪ್ಪ ಅಮ್ಮನಿಗೆ, ಕೇರಿಗೆ ಬೀಳುವ ಏಟಿನ ಭಯ. ಅದನ್ನು ನಾಚಿಕೆ ಅಂತ ಕರೆಯುವುದು ತಪ್ಪು. "ಧೈರ್ಯ ಮಾಡಿ ಕೇಳಪ್ಪ" ಅಂತ ಅವನಿಗೆ ಉಪದೇಶ ಮಾಡುವ ಯೋಗ್ಯತೆಯೂ ನಮಗಿಲ್ಲ. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮದುವೆಯಾಗಲು ಮನೆಯವರ ಒಪ್ಪಿಗೆಯೂ ಬೇಕಿಲ್ಲ, ಜಾತಿಯವರ ಒಪ್ಪಿಗೆಯೂ ಬೇಕಿಲ್ಲ ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದೆಹಲಿಯಲ್ಲಿ ಹೇಳಿದ ಮಾತು ನಮ್ಮೂರ ಅರಳಿಕಟ್ಟೆ ತನಕ ಇನ್ನೂ ನಡೆದುಕೊಂಡು ಬರುತ್ತಿದೆ.

ಹಾಗಾದರೆ ಕೇಳಲೇಬಾರದಾ? ಹಾಗಲ್ಲ. ಒಳಗೇ ಇಟ್ಟುಕೊಂಡು ಮೂರು ವರ್ಷ ಕೊರಗಿ, ಅವಳ ಮದುವೆ ಚಪ್ಪರದಲ್ಲಿ ಬಡಿಸಿ ಬಂದವರನ್ನು ನಾವು ನೋಡಿದ್ದೇವೆ. ಕೇಳಿದ್ದರೆ ಏನಾಗುತ್ತಿತ್ತೋ ಅಂತ ಅವರು ಈಗಲೂ ಕುಡಿದಾಗ ಕೇಳುತ್ತಾರೆ. ಅದೂ ಸುಖ ಅಲ್ಲ. ಹುಡುಗಿಯರಿಗೂ ಮನಸ್ಸಾಗುತ್ತದೆ, ಅವರಿಗಂತೂ ಕೇಳುವ ದಾರಿಯೇ ಇಲ್ಲ. ಒಬ್ಬಳು ಮೊದಲು ಬಾಯ್ಬಿಟ್ಟರೆ ಅವಳಿಗೆ ಊರು ಇಡುವ ಹೆಸರು ‘ದೇವದಾಸ’ನಷ್ಟು ಮೃದು ಇರುವುದಿಲ್ಲ.

ಅವತ್ತು ಕಟ್ಟೆಯಿಂದ ಎಲ್ಲರೂ ಎದ್ದು ಹೋದ ಮೇಲೆ ಗೆಳೆಯನ ಜೊತೆ ಕೂತು ನಾವು ಮಾತಾಡಿದ್ದು ಇಷ್ಟು. ಮೊದಲು ಆ ಮೂರು ತಿಂಗಳ ಮೆಸೇಜು ಅಳಿಸು. ಅಷ್ಟು ಉದ್ದ ಬರೆದರೆ ಓದಿದವಳಿಗೆ ಭಾರ ಆಗುತ್ತದೆ, ಸಾಲ ಕೊಟ್ಟವನು ನೋಟಿಸು ಕಳಿಸಿದ ಹಾಗಿರುತ್ತದೆ. ಜೊತೆಗೆ ಆ ಮೆಸೇಜನ್ನು ಯಾರು ಯಾರಿಗೆ ಫಾರ್ವರ್ಡ್ ಮಾಡುತ್ತಾರೋ ಹೇಳಲಾಗದು. ಬಾಯಲ್ಲೇ ಕೇಳು. ಬಸ್ಸಿನೊಳಗೆ ಬೇಡ, ಬೇಡ ಅಂದರೂ ಅವಳು ಇಳಿಯುವ ತನಕ ನಿನ್ನ ಪಕ್ಕ ನಿಂತಿರಬೇಕಾಗುತ್ತದೆ. ಯಾರೂ ಇಲ್ಲದ ಕಡೆಯೂ ಬೇಡ, ಅವಳಿಗೆ ಭಯ ಆಗುತ್ತದೆ. ಜನ ಕಾಣುವ ಹಾಗೆ, ಆದರೆ ಮಾತು ಕೇಳಿಸದ ಹಾಗೆ. ಹಗಲು ಹೊತ್ತು. ಜೊತೆಗೆ ಗೆಳೆಯರ ದಂಡು ಬೇಡ, ದೂರದಲ್ಲಿ ನಿಂತು ನೋಡುತ್ತೇವೆ ಅನ್ನುವವರಂತೂ ಬೇಡವೇ ಬೇಡ. ಜಾತ್ರೆಯಲ್ಲಿ ಬೇಡ. ಅವಳ ತಮ್ಮನ ಕೈಲಿ ಹೇಳಿಸುವುದು ಬೇಡ. ಕೈ ಕೊಯ್ದುಕೊಂಡು ಹೆಸರು ಬರೆಯುವ ಹುಚ್ಚಾಟ ಪ್ರೀತಿಯಲ್ಲ, ಹೆದರಿಸುವುದು.

"ಅಷ್ಟೆಲ್ಲ ಜಾಗ ನಮ್ಮೂರಲ್ಲಿ ಎಲ್ಲೈತೆ?" ಅಂದ. ನ್ಯಾಯವಾದ ಪ್ರಶ್ನೆ. ಒಂದು ಹುಡುಗ ಒಂದು ಹುಡುಗಿ ಕೂತು ಟೀ ಕುಡಿಯುವ ಜಾಗ ನಮ್ಮ ಹೋಬಳಿಯಲ್ಲೇ ಇಲ್ಲ. ಬೇಕರಿ ಇದೆ, ಆದರೆ ಬೇಕರಿಯವರು ಅವಳ ಚಿಕ್ಕಪ್ಪನ ಸ್ನೇಹಿತರು. ಕೊನೆಗೆ ಬಸ್ ಸ್ಟ್ಯಾಂಡಿನಿಂದ ಅವಳ ಕೆಲಸದ ಜಾಗಕ್ಕೆ ನಡೆಯುವ ಐದು ನಿಮಿಷದ ದಾರಿಯೇ ಸರಿ ಅಂತ ಆಯಿತು. ಇಬ್ಬರೂ ದಿನಾ ಮಾತಾಡಿಕೊಂಡು ಹೋಗುವ ದಾರಿ, ಹೊಸದಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಏನು ಹೇಳಬೇಕು ಅನ್ನುವುದಕ್ಕೆ ನಾವು ಸಾಲು ಬರೆದುಕೊಡಲಿಲ್ಲ, ಹಿಂದೆ ಬರೆದುಕೊಟ್ಟಿದ್ದು ಸಾಕಾಗಿತ್ತು. ಒಂದು ಮಾತು ಮಾತ್ರ ಮರೀಬೇಡ ಅಂದೆವು. "ನಿಂಗೆ ಇಷ್ಟ ಇಲ್ದಿದ್ರೆ ಹೇಳ್ಬಿಡು. ನಾನು ಇನ್ನೊಂದ್ಸಲ ಕೇಳಲ್ಲ, ಯಾರ ಹತ್ರಾನೂ ಹೇಳಲ್ಲ." ಮನಸ್ಸಿನಲ್ಲಿರುವುದನ್ನು ಹೇಳಿದ ಮೇಲೆ ಇದನ್ನೂ ಹೇಳು, ಹೇಳಿದ ಹಾಗೇ ನಡಕೋ. ಬೇಡ ಅನ್ನುವುದಕ್ಕೆ ಅವಳಿಗೆ ಜಾಗ ಇದ್ದರೆ ಮಾತ್ರ ಅವಳು ಹೂಂ ಅಂದಿದ್ದಕ್ಕೂ ಅರ್ಥ ಇರುತ್ತದೆ. ಅವಳು ಸುತ್ತಿ ಬಳಸಿ ಏನಾದರೂ ಅಂದರೆ ಕಟ್ಟೆಗೆ ಬಂದು ಅರ್ಥ ಕೇಳಬೇಡ. ಹೂಂ ಅಲ್ಲದ್ದೆಲ್ಲ ಬೇಡ ಅಂತಲೇ ತಿಳಕೋ.

ಇನ್ನು ಬೇಡ ಅಂದ ಮೇಲೆ. ನೋವಾಗುತ್ತದೆ, ಆಗುವುದಿಲ್ಲ ಅಂತ ನಾವು ಹೇಳುವುದಿಲ್ಲ. ಅಳು ಬಂದರೆ ಅಳಲಿ. ಗಂಡಸು ಅಳಬಾರದು ಅನ್ನುವ ಮಾತು ನಮ್ಮ ಊರುಗಳಲ್ಲಿ ಮಾಡಿರುವ ಹಾಳು ಸಾರಾಯಿಗಿಂತ ಕಡಿಮೆ ಏನಲ್ಲ. ಆದರೆ ಸ್ಟೇಟಸ್ಸಿನಲ್ಲಿ ಅವಳಿಗೆ ಮಾತ್ರ ಅರ್ಥವಾಗುವ ಹಾಡು ಹಾಕಬೇಡಿ. ಕೆಲವು ದಿನ ಬೇರೆ ಬಸ್ಸಿಗೆ ಹೋಗಿ. "ನೀನು ಒಪ್ಪದಿದ್ರೆ ಔಷಧಿ ಕುಡೀತೀನಿ" ಅಂತ ಯಾವತ್ತೂ ಹೇಳಬೇಡಿ. ಆ ಮಾತಿಗೆ ಹೆದರಿ ಒಪ್ಪಿದವಳು ಜೀವನಪೂರ್ತಿ ಹೆದರಿಕೊಂಡೇ ಇರುತ್ತಾಳೆ. ಹೆದರಿಸುವುದಕ್ಕಲ್ಲ, ನಿಜವಾಗಿಯೂ ಅಂಥ ಯೋಚನೆ ಬರುತ್ತಿದ್ದರೆ ಒಬ್ಬರೇ ಇರಬೇಡಿ. ನಂಬಿಕೆ ಇರುವ ಒಬ್ಬರ ಹತ್ತಿರ ಬಾಯಿ ಬಿಡಿ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ನಮ್ಮ ಮನೆಗಳಲ್ಲಿ ಬೆಳೆಗೆ ಹೊಡೆಯುವ ಔಷಧಿ ಕೈಗೆ ಸಿಗುವ ಹಾಗೇ ಇರುತ್ತದೆ. ಮನೆಯಲ್ಲಿ ಯಾರಾದರೂ ಮಂಕಾಗಿದ್ದಾರೆ ಅನ್ನಿಸಿದರೆ ಮೊದಲು ಅದನ್ನು ತೆಗೆದು ಬೀಗ ಹಾಕಿ, ಆಮೇಲೆ ಬುದ್ಧಿ ಹೇಳಿ.

ಮತ್ತೆ ಕಟ್ಟೆಯವರು. ಅಂದರೆ ನಾವೇ. ಒಬ್ಬ ಬೇಡ ಅನ್ನಿಸಿಕೊಂಡು ಬಂದರೆ ಹೆಸರಿಡುವುದನ್ನು ಬಿಟ್ಟರೆ ಸಾಕು. "ಬಿಡ್ಬೇಡ ಮಗ, ನಾವಿದ್ದೀವಿ" ಅಂತ ಎತ್ತಿ ಕಟ್ಟುವುದನ್ನು ಬಿಟ್ಟರೆ ಇನ್ನೂ ಒಳ್ಳೆಯದು. ನಾವಿದ್ದೀವಿ ಅಂದವರು ಸ್ಟೇಷನ್ ಮೆಟ್ಟಿಲ ತನಕ ಬರುವುದಿಲ್ಲ, ನಾವು ನೋಡಿದ್ದೇವೆ.

ಗೆಳೆಯ ಹೋದ ಸೋಮವಾರ ಕೇಳಿದನಂತೆ. ಸಂಜೆ ಡೈರಿಗೆ ಬಂದಾಗ ಮುಖ ನೋಡಿದೆವು, ಏನೂ ಗೊತ್ತಾಗಲಿಲ್ಲ. ಕ್ಯಾನ್ ಇಳಿಸಿದ, ಹಾಲು ಅಳೆಸಿದ. ತಡೆಯಲಾರದೆ ನಾವೇ ಕೇಳಿದೆವು, "ಏನಂದ್ಲೋ?"

"ಯಾರ್ಗೂ ಹೇಳಲ್ಲ ಅಂತ ಮಾತು ಕೊಟ್ಟಿದ್ದೀನಿ" ಅಂದ. ಆಮೇಲೆ ಚೀಟಿ ನೋಡಿ, ಫ್ಯಾಟು ಯಾಕೋ ಕಡಿಮೆ ಬಂದಿದೆ ಅಂತ ಸೆಕ್ರೆಟರಿ ಜೊತೆ ಜಗಳಕ್ಕೆ ನಿಂತ.